ಮುಪ್ಪಿನ ನಾಯಿಗೂ ಒಂದು ಲೆಕ್ಕವಿರಲಿ

ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಭಕ್ತರಿಗೆ ನಾಯಿ ಬರಿಯ ಪ್ರಾಣಿಯಲ್ಲ. ದೇವರ ಸಂಗಾತಿ, ಅವನ ಕಾವಲುಗಾರ. ಮೈಲಾರನ ಪರಂಪರೆಯಲ್ಲಿ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ನಾಯಿಯಂತೆ ಬೊಗಳಿ, ದೋಣಿಯೆಂಬ ಮರದ ಪಾತ್ರೆಗೆ ಬಾಯಿಟ್ಟು ಸೇವೆ ಸಲ್ಲಿಸುತ್ತಾರೆ. ನಾಯಿಯ ನಿಷ್ಠೆಗೆ ಇಷ್ಟು ದೊಡ್ಡ ಸ್ಥಾನ ಕೊಟ್ಟ ಸೀಮೆಯಲ್ಲಿ, ಬೊಗಳುವ ತ್ರಾಣ ಉಡುಗಿದ ನಾಯಿಯ ಗತಿ ಏನೆಂದು ನಾವು ಕೇಳಿಕೊಂಡದ್ದು ಕಡಿಮೆ.

ಹಿಂದೆ ನಾಯಿ ಹೊಲಕ್ಕೆ, ಕಣಕ್ಕೆ, ಕುರಿಹಿಂಡಿಗೆ ಸೇರಿದ್ದಾಗಿತ್ತು. ಇಂದು ಬೀದರ್ ನಗರದ ಹೊಸ ಬಡಾವಣೆಗಳಲ್ಲಿ ಅದು ಮನೆಯೊಳಗಿನ ಸದಸ್ಯ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್ ತಳಿಗಳು ಭಾಲ್ಕಿ, ಔರಾದ್‌ಗಳ ಮನೆಗಳಲ್ಲೂ ಕಾಣುತ್ತವೆ. ಮರಿಯನ್ನು ತರುವುದು ಸಾಮಾನ್ಯವಾಗಿ ಮಕ್ಕಳ ಹಟಕ್ಕೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಗ ಹೈದರಾಬಾದಿನಲ್ಲಿ, ಮಗಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿಯುವುದು ಮಂಡಿನೋವಿನ ಇಬ್ಬರು ಹಿರಿಯರು ಮತ್ತು ಮಂಡಿನೋವಿನ ಒಂದು ನಾಯಿ. ಮೂವತ್ತು ಕಿಲೋ ತೂಕದ ಪ್ರಾಣಿಯನ್ನು ಎತ್ತಿ ಆಟೋರಿಕ್ಷಾಕ್ಕೆ ಹತ್ತಿಸುವುದು ಇವರಿಂದಾಗದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಕಾಣುವುದು ಲೆಕ್ಕದ ಒಂದು ಹಳೆಯ ದೋಷ. ಸಂತೋಷ ಮೊದಲಿಗೆ ಬರುತ್ತದೆ, ವೆಚ್ಚ ಕೊನೆಗೆ. ಮರಿಯ ಬೆಲೆಯನ್ನು ಚೌಕಾಸಿ ಮಾಡುವ ನಾವು ಅದರ ಕಡೆಯ ಮೂರು ವರ್ಷಗಳ ಔಷಧ, ರಕ್ತಪರೀಕ್ಷೆ, ಓಡಾಟದ ಖರ್ಚನ್ನು ಎಣಿಸುವುದೇ ಇಲ್ಲ. ನಾಯಿಗಳಿಗೆ ವಿಮೆ ಉಂಟು, ನಿಜ. ಆದರೆ ಹೊಸ ಪಾಲಿಸಿಗೆ ಸಾಮಾನ್ಯವಾಗಿ ವಯಸ್ಸಿನ ಮಿತಿ ಇರುವುದರಿಂದ, ನೆನಪಾಗುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಮರಿ ಮನೆಗೆ ಬಂದ ತಿಂಗಳಿನಿಂದಲೇ ಅದರ ಹೆಸರಿನಲ್ಲಿ ಅಷ್ಟಿಷ್ಟು ಉಳಿಸುತ್ತಾ ಬರುವುದೇ ಸರಳ ಉಪಾಯ.

ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮ ಎಂಬ ಲೆಕ್ಕವೂ ಸರಿಯಲ್ಲ. ದೊಡ್ಡ ತಳಿಗಳಿಗೆ ಆರೇಳು ವರ್ಷಕ್ಕೇ ಮುಪ್ಪು ಆರಂಭವಾಗುತ್ತದೆ. ಸಣ್ಣ ತಳಿಗಳಿಗೆ ಹತ್ತರ ಸುಮಾರಿಗೆ. ‘ವಯಸ್ಸಾಯಿತು, ಇನ್ನೇನು’ ಎಂಬ ಮಾತು ಬಹಳಷ್ಟು ರೋಗಗಳನ್ನು ಮುಚ್ಚಿಡುತ್ತದೆ. ಮೆಟ್ಟಿಲು ಹತ್ತಲು ಹಿಂಜರಿಯುವುದು ಸೋಮಾರಿತನವಲ್ಲ, ಕೀಲುಗಳ ಸವೆತ. ಬಾಯಿಯ ದುರ್ವಾಸನೆ ಸಹಜವಲ್ಲ, ವಸಡಿನ ರೋಗ. ರಾತ್ರಿ ಗೋಡೆಯ ಮೂಲೆಗೆ ಮುಖಮಾಡಿ ನಿಲ್ಲುವುದು, ಮನೆಯೊಳಗೇ ಮೂತ್ರ ಮಾಡುವುದು ಹಟವಲ್ಲ. ಮನುಷ್ಯರ ಮರೆವಿನ ಕಾಯಿಲೆಯನ್ನು ಹೋಲುವ ಸ್ಥಿತಿ ನಾಯಿಗಳಿಗೂ ಬರುತ್ತದೆ. ಅತಿಯಾದ ಬಾಯಾರಿಕೆ ಮೂತ್ರಪಿಂಡದ ತೊಂದರೆಯ ಅಥವಾ ಮಧುಮೇಹದ ಸೂಚನೆಯಾಗಿರಬಹುದು. ಮೂತ್ರಪಿಂಡದ ಶಕ್ತಿ ಬಹುಪಾಲು ಕುಂದಿದ ಮೇಲಷ್ಟೇ ಲಕ್ಷಣಗಳು ಹೊರಗೆ ಕಾಣುವುದರಿಂದ ಮುಪ್ಪಿನಲ್ಲಿ ಆರು ತಿಂಗಳಿಗೊಮ್ಮೆ ತಪಾಸಣೆ ಅಗತ್ಯ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಹೆಣ್ಣುನಾಯಿಗೆ ಬೆದೆಯ ಕೆಲವು ವಾರಗಳ ನಂತರ ಗರ್ಭಕೋಶದಲ್ಲಿ ಕೀವು ತುಂಬಿಕೊಳ್ಳಬಹುದು. ತಡಮಾಡಿದರೆ ಪ್ರಾಣಕ್ಕೇ ಅಪಾಯ.

ಅಜ್ಞಾನದ ಅಕ್ಕರೆಯೂ ಅಷ್ಟೇ ಅಪಾಯಕಾರಿ. ಕುಂಟುವ ನಾಯಿಗೆ ಮನೆಯಲ್ಲಿರುವ ನೋವಿನ ಮಾತ್ರೆಯನ್ನು ರೊಟ್ಟಿಯಲ್ಲಿಟ್ಟು ಕೊಡುವವರಿದ್ದಾರೆ. ಮನುಷ್ಯರಿಗಾಗಿ ಇರುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೂ ಹಾನಿ ತರಬಲ್ಲದು. ಈರುಳ್ಳಿ ಬೆರೆತ ಸಾರು ಅದರ ಕೆಂಪು ರಕ್ತಕಣಗಳನ್ನು ನಾಶಮಾಡುತ್ತದೆ. ಒಣದ್ರಾಕ್ಷಿಯೂ ವರ್ಜ್ಯ. ಬೀದರಿನ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ, ತೇಕುವುದರಿಂದಲೇ ಮೈ ತಂಪು ಮಾಡಿಕೊಳ್ಳಬೇಕಾದ ಪ್ರಾಣಿಯನ್ನು, ಅದೂ ಹೃದಯ ದುರ್ಬಲವಾದ ಮುದಿನಾಯಿಯನ್ನು, ತಾರಸಿಯ ಮೇಲೆ ಕಟ್ಟಿಹಾಕುವುದು ಕ್ರೌರ್ಯವೇ ಸರಿ.

ಇಲ್ಲಿ ನಮ್ಮ ಜಿಲ್ಲೆಯ ಒಂದು ವೈಚಿತ್ರ್ಯವನ್ನು ಹೇಳಬೇಕು. 2004ರ ಕಾಯ್ದೆಯಿಂದ ರೂಪುಗೊಂಡ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರಿನ ನಂದಿನಗರ. ಪಶುವೈದ್ಯಕೀಯ ಕಾಲೇಜೂ ಇಲ್ಲೇ ಇದೆ. ಮುಧೋಳ ನಾಯಿಯ ಸಂವರ್ಧನೆಗೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಕೇಂದ್ರ ನಡೆಸುತ್ತಿರುವುದೂ ಇದೇ ವಿಶ್ವವಿದ್ಯಾಲಯ. 2005ರಲ್ಲಿ ಆ ತಳಿ ಅಂಚೆಚೀಟಿಯ ಮೇಲೆ ಬಂದಿತು. ನಾಯಿಯ ಹುಟ್ಟಿನ ಬಗ್ಗೆ ನಮಗೆ ಇಷ್ಟು ಅಭಿಮಾನ. ಆದರೆ ವಿಶ್ವವಿದ್ಯಾಲಯದಿಂದ ಸುಮಾರು 40 ಕಿ.ಮೀ. ದೂರದ ಔರಾದ್‌ನಲ್ಲಿ ಮುದಿನಾಯಿಯ ಮಾಲೀಕನಿಗೆ ಆ ಜ್ಞಾನ ಎಷ್ಟರಮಟ್ಟಿಗೆ ತಲಪುತ್ತದೆ?

ತಾಲ್ಲೂಕು ಪಶು ಆಸ್ಪತ್ರೆಗಳನ್ನು ದೂರಿ ಫಲವಿಲ್ಲ. ಅವು ಎಮ್ಮೆ, ಆಡು, ಕುರಿ ಮತ್ತು ಈ ಸೀಮೆಯ ಹೆಮ್ಮೆಯಾದ ದೇವಣಿ ಹಸುಗಳಿಗಾಗಿ ಕಟ್ಟಿದ ವ್ಯವಸ್ಥೆಗಳು. ಸೇವೆಯಲ್ಲಿದ್ದಾಗ ನಾನು ಕುಳಿತ ಪರಿಶೀಲನಾ ಸಭೆಗಳಲ್ಲಿ ಹಾಲಿನ ಲೀಟರು, ಕೃತಕ ಗರ್ಭಧಾರಣೆ, ಲಸಿಕೆಗಳ ಅಂಕಿಗಳಿರುತ್ತಿದ್ದವು. ಬಡ ರೈತನ ಜೀವನಾಧಾರಕ್ಕೆ ಆದ್ಯತೆ ಸಲ್ಲಬೇಕಾದದ್ದು ನ್ಯಾಯವೇ. ಆದರೆ ಅಂಕಣದಲ್ಲಿ ಇಲ್ಲದ್ದು ಆಡಳಿತದ ಕಣ್ಣಿಗೆ ಬೀಳುವುದಿಲ್ಲ.

ಕಾನೂನಿನ ಕಥೆಯೂ ಇಂಥದ್ದೇ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಹಸಿವಿನಿಂದಲೋ ಬಾಯಾರಿಕೆಯಿಂದಲೋ ನರಳುವಂಥ ಸ್ಥಿತಿಯಲ್ಲಿ ಸಾಕುಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಬಾರಿಯ ದಂಡ 10ರಿಂದ 50 ರೂಪಾಯಿ. ಬೀದರಿನಿಂದ ಭಾಲ್ಕಿಗೆ ಹೋಗಿಬರುವ ಖರ್ಚಿಗೂ ಸಾಲದ ಈ ಮೊತ್ತ ಯಾರನ್ನು ತಡೆದೀತು?

ಮನುಷ್ಯರಿಗೇ ಆಸ್ಪತ್ರೆ ಸಾಲದಿರುವಾಗ, ಬೀದಿನಾಯಿಗಳ ಕಾಟ ಹೆಚ್ಚಿರುವಾಗ ಇದೆಲ್ಲ ಏಕೆ ಎಂಬ ಆಕ್ಷೇಪ ಬರುವುದು ಸಹಜ. ಅದನ್ನು ತಳ್ಳಿಹಾಕಲಾರೆ. ಆದರೆ ಊರ ಹೊರಗೆ ಬಿಟ್ಟುಬಂದ ಸಾಕುನಾಯಿಯೂ ಮರುದಿನದಿಂದ ಬೀದಿನಾಯಿಯೇ. ಅದರ ರೇಬಿಸ್ ಲಸಿಕೆ ತಪ್ಪುತ್ತದೆ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮನುಷ್ಯ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಲಸಿಕೆ ಮತ್ತು ಸಂತಾನಹರಣದ ಹೊಣೆಯನ್ನು ಮಾಲೀಕನ ಮೇಲೆಯೇ ಇರಿಸಿವೆ. ಆ ಹೊಣೆಯನ್ನು ಕೊನೆಯವರೆಗೂ ಹೊರಲು ಅವನಿಗೆ ಹತ್ತಿರದಲ್ಲಿ ನೆರವು ಸಿಗುವುದು ಸಾರ್ವಜನಿಕ ಹಿತವೇ ಆಗಿದೆ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಪಶುವೈದ್ಯ ಪದವಿಯಲ್ಲಿ ಒಂದು ವರ್ಷದ ಕಡ್ಡಾಯ ಇಂಟರ್ನ್‌ಷಿಪ್ ಇದೆ. ಪ್ರಾಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಆ ವಿದ್ಯಾರ್ಥಿಗಳು ಹದಿನೈದು ದಿನಕ್ಕೊಮ್ಮೆ ಭಾಲ್ಕಿಯಲ್ಲಿ, ಹದಿನೈದು ದಿನಕ್ಕೊಮ್ಮೆ ಔರಾದ್‌ನಲ್ಲಿ ಸಾಕುಪ್ರಾಣಿಗಳ ದಿನ ನಡೆಸಬಹುದು. ರಕ್ತ, ಮೂತ್ರದ ಮಾದರಿಗಳು ಅವರೊಂದಿಗೇ ಬೀದರಿನ ಪ್ರಯೋಗಾಲಯಕ್ಕೆ ಹೋಗಲಿ. ಅನುಕೂಲಸ್ಥರಿಂದ ಶುಲ್ಕ ಪಡೆಯಲಿ. ಕುರಿಗಾಹಿಯ ನಾಯಿಗೆ ಉಚಿತವಿರಲಿ. ವಿದ್ಯಾರ್ಥಿಗಳಿಗೆ ಅನುಭವ, ಹಿರಿಯ ನಾಗರಿಕರಿಗೆ ಓಡಾಟದ ಉಳಿತಾಯ.

ಕೊನೆಯದಾಗಿ, ಹೇಳಲು ಕಷ್ಟವಾದ ಮಾತೊಂದಿದೆ. ಚಿಕಿತ್ಸೆಗೆ ಮೀರಿದ ನೋವಿನಲ್ಲಿರುವ ನಾಯಿಗೆ ವೈದ್ಯರ ಕೈಯಿಂದ ನೋವಿಲ್ಲದ ಮರಣ ದೊರಕಿಸುವುದನ್ನು ಪಾಪವೆಂದು ಭಾವಿಸುವ ಎಷ್ಟೋ ಮನೆಗಳಲ್ಲಿ, ಪ್ರಾಣಿ ವಾರಗಟ್ಟಲೆ ನರಳುತ್ತದೆ. ಇಲ್ಲವೆ ಕಣ್ಣಿಗೆ ಬೀಳದಂತೆ ದೂರ ಬಿಟ್ಟುಬರಲಾಗುತ್ತದೆ. ಆ ತೀರ್ಮಾನ ಅವಸರದ್ದಾಗಬಾರದು, ಮಾಲೀಕನ ಅನುಕೂಲಕ್ಕಾಗಿಯೂ ಆಗಬಾರದು. ತಿನ್ನುತ್ತಿದೆಯೇ, ಏಳುತ್ತಿದೆಯೇ, ಕರೆದರೆ ಬಾಲ ಆಡಿಸುತ್ತಿದೆಯೇ ಎಂಬುದನ್ನು ದಿನವೂ ಬರೆದಿಟ್ಟು ವೈದ್ಯರ ಮುಂದಿಡಬೇಕು. ಹನ್ನೆರಡು ವರ್ಷ ಬಾಗಿಲು ಕಾದ ಪ್ರಾಣಿಗೆ ಅಷ್ಟು ದಿನಗಳ ಲೆಕ್ಕವನ್ನಾದರೂ ನಾವು ಪ್ರಾಮಾಣಿಕವಾಗಿ ಇಡಬಹುದು.