ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ತೆನೆಗೆ ಬಂದ ಜೋಳದ ಹೊಲದಲ್ಲಿ ಅಟ್ಟಣೆ ಏರಿ ಕವಣೆ ಬೀಸುವವರನ್ನು ನೋಡಿದ್ದೀರಾ? ತಲೆಯ ಮೇಲೆ ಎರಡು ಸುತ್ತು, ಮೂರು ಸುತ್ತು, ಆಮೇಲೆ ಹಗ್ಗದ ಒಂದು ತುದಿಯನ್ನು ಕೈಬಿಟ್ಟರೆ ಕಲ್ಲು ಸುಂಯ್ಯೆಂದು ಹೋಗಿ ಗಿಳಿಹಿಂಡಿನ ನಡುವೆ ಬೀಳುತ್ತದೆ. ಈಗ ಒಂದು ಪ್ರಶ್ನೆ: ನೇರ ಎದುರಿಗಿರುವ ಹಕ್ಕಿಗೆ ಹೊಡೆಯಬೇಕಾದರೆ ಕಲ್ಲು ಎಲ್ಲಿದ್ದಾಗ ತುದಿ ಬಿಡಬೇಕು?

ನಮ್ಮಲ್ಲಿ ಹೆಚ್ಚಿನವರ ಉತ್ತರ ಸಿದ್ಧವಾಗಿರುತ್ತದೆ. ಸುತ್ತುವ ಕಲ್ಲು ಹೊರಕ್ಕೆ ಚಿಮ್ಮುತ್ತದೆ, ಹಾಗಾಗಿ ಎದುರಿಗೆ ಬಂದಾಗ ಬಿಟ್ಟರಾಯಿತು. ಹಾಗೆ ಬಿಟ್ಟು ನೋಡಿ, ಕಲ್ಲು ಪಕ್ಕದ ಹೊಲದವರ ಕಡೆಗೆ ಹೋಗುತ್ತದೆ. ಕಲ್ಲಿನ ಮೇಲೆ ಹೊರಕ್ಕೆ ನೂಕುವ ಬಲವೇ ಇಲ್ಲ. ಹಗ್ಗ ಅದನ್ನು ಕ್ಷಣಕ್ಷಣವೂ ಒಳಕ್ಕೆ ಎಳೆಯುತ್ತಿರುತ್ತದೆ; ಆ ಎಳೆತ ತಪ್ಪಿದೊಡನೆ ಕಲ್ಲು ಆ ಗಳಿಗೆಯಲ್ಲಿ ಯಾವ ದಿಕ್ಕಿಗೆ ಓಡುತ್ತಿತ್ತೋ ಅದೇ ದಿಕ್ಕಿಗೆ ಹೊರಡುತ್ತದೆ. ಬಲಗಡೆಯಿಂದ ಎದುರಿಗೆ, ಎದುರಿನಿಂದ ಎಡಕ್ಕೆ ಸುತ್ತುವ ಕವಣೆಯಾದರೆ ಕಲ್ಲು ಬಲಪಕ್ಕಕ್ಕೆ ಬಂದಾಗಲೇ ಬಿಡಬೇಕು. ಕವಣೆ ಬೀಸಿ ಪಳಗಿದ ಕೈ ದಿನಕ್ಕೆ ನೂರು ಸಲ ಹಾಗೇ ಬಿಡುತ್ತದೆ. ಅದೇ ಕೈಯ ಒಡೆಯನನ್ನು ಕೂರಿಸಿ ಕೇಳಿದರೆ ಅವನೂ ನಮ್ಮ ಹಾಗೆ 'ಎದುರಿಗೆ ಬಂದಾಗ' ಅಂದಾನು. ಹಗ್ಗ ಅಂಗೈಯನ್ನು ಹೊರಕ್ಕೆ ಜಗ್ಗುತ್ತದಲ್ಲ, ಆ ಜಗ್ಗು ಕಲ್ಲಿನ ಮೇಲೂ ಇದೆ ಎಂದುಕೊಳ್ಳುವುದರಲ್ಲೇ ತಪ್ಪಿನ ಬೇರಿದೆ.

ಇನ್ನೊಂದು ಕಲ್ಪನೆ ಇದಕ್ಕಿಂತ ಸ್ವಾರಸ್ಯದ್ದು: ಸುತ್ತಿದ ಕಲ್ಲು ಬಿಟ್ಟಮೇಲೂ ಸ್ವಲ್ಪ ದೂರ ಬಾಗಿಕೊಂಡೇ ಹೋಗುತ್ತದಂತೆ. 1980ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮೈಕಲ್ ಮೆಕ್ಲಾಸ್ಕಿ ಮತ್ತು ಜೊತೆಗಾರರು ವಿದ್ಯಾರ್ಥಿಗಳ ಮುಂದೆ ಬಾಗಿದ ಕೊಳವೆಯ ಚಿತ್ರವಿಟ್ಟು, ಅದರಿಂದ ಹೊರಬೀಳುವ ಗುಂಡಿನ ಹಾದಿಯನ್ನು ಬರೆಯಲು ಹೇಳಿದರು. ಭೌತವಿಜ್ಞಾನ ಓದಿದ್ದ ಕೆಲವರೂ ಸೇರಿ ಹಲವರು ಬಾಗಿದ ಗೆರೆಯನ್ನೇ ಎಳೆದರು. ಗುಂಡಿಗೆ ಕೊಳವೆ ಒಂದು 'ಸುತ್ತುವ ಗುಣ' ತುಂಬಿ ಕಳಿಸುತ್ತದೆ ಎಂಬುದು ಅವರ ಒಳಗಣ ತರ್ಕ. 14ನೇ ಶತಮಾನದ ಪ್ಯಾರಿಸ್ಸಿನಲ್ಲಿ ಬುರಿಡಾನ್ ಎಂಬ ಪಂಡಿತ ಕಟ್ಟಿದ ವಾದವೂ ಹೆಚ್ಚುಕಡಿಮೆ ಇದೇ. ಆ ವಿದ್ಯಾರ್ಥಿಗಳು ಅವನನ್ನು ಓದಿದ್ದವರೇನಲ್ಲ.

ಹಾಗೆಂದು ಕೈಯನ್ನು ಸರ್ವಜ್ಞನ ಪಟ್ಟಕ್ಕೆ ಏರಿಸುವುದೂ ಬೇಡ. ಅದಕ್ಕೆ ಗೊತ್ತಿರುವುದು ರೂಢಿಯಾದದ್ದು ಮಾತ್ರ. ನಡೆಯುತ್ತಲೇ ಕೈಯಲ್ಲಿನ ಚೆಂಡನ್ನು ಬಿಟ್ಟು ನೆಲದ ಗುರುತಿನ ಮೇಲೆ ಬೀಳಿಸಿ ಎಂದು ಮೆಕ್ಲಾಸ್ಕಿ ತಂಡವೇ ಜನರಿಗೆ ಹೇಳಿತು. ಹಲವರು ಗುರುತಿನ ನೆತ್ತಿಗೇ ಬಂದು ಚೆಂಡು ಬಿಟ್ಟರು, ಅದು ಗುರುತು ದಾಟಿ ಬಿತ್ತು. ನಡೆಯುವವನ ವೇಗ ಚೆಂಡಿಗೂ ಇರುತ್ತದೆ. ಬೀಳುವಾಗಲೂ ಅದು ಅವನ ಜೊತೆ ಮುಂದೆ ಸಾಗುತ್ತಲೇ ಇರುತ್ತದೆ. ಇದೇ ಪಾಠವನ್ನು ಓಡುವ ಬಸ್ಸಿನಿಂದ ಇಳಿದು ಮುಗ್ಗರಿಸಿದವರು ಮೊಣಕಾಲಿನಿಂದ ಕಲಿತಿರುತ್ತಾರೆ.

ಸೈಕಲ್ಲಿಗೆ ಬರೋಣ. 'ಚಕ್ರ ಬುಗುರಿಯ ಹಾಗೆ ತಿರುಗುವುದರಿಂದಲೇ ಸೈಕಲ್ ಬೀಳುವುದಿಲ್ಲ' ಎಂದು ಶಾಲೆಯಲ್ಲೇ ಕೇಳಿದವರಿದ್ದಾರೆ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನವಿಜ್ಞಾನಿ ಸೈಕಲ್ಲಿಗೆ ಇನ್ನೊಂದು ಚಕ್ರ ಸೇರಿಸಿ, ಅದನ್ನು ಹಿಮ್ಮುಖ ತಿರುಗಿಸಿ, ಮುಂದಿನ ಚಕ್ರದ ಬುಗುರಿ ಗುಣವನ್ನು ಅಳಿಸಿಹಾಕಿದ. ಆದರೂ ಸವಾರಿಗೆ ತೊಂದರೆಯಾಗಲಿಲ್ಲ. 2011ರಲ್ಲಿ ಇಂಜಿನಿಯರುಗಳ ತಂಡವೊಂದು ಆ ಗುಣವಿಲ್ಲದ ಪುಟ್ಟ ಸೈಕಲ್ ಮಾಡಿ ತಳ್ಳಿಬಿಟ್ಟಾಗ ಸವಾರನಿಲ್ಲದೆಯೂ ಅದು ನೆಟ್ಟಗೆ ಓಡಿತು. ಬುಗುರಿ ಗುಣ ಒಂದಿಷ್ಟು ನೆರವಾಗುತ್ತದೆ, ನಿಜ. ನಮ್ಮನ್ನು ಕಾಯುವುದು ಮಾತ್ರ ವಾಲಿದ ಕಡೆಗೆ ತಿರುಗುವ ಹ್ಯಾಂಡಲ್. ಬೀಳುತ್ತಿರುವ ಮೈಯ ಅಡಿಗೆ ಅದು ಚಕ್ರಗಳನ್ನು ತಂದು ನಿಲ್ಲಿಸುತ್ತದೆ. ಇನ್ನೂ ಸೋಜಿಗವೆಂದರೆ, ಬಲಕ್ಕೆ ತಿರುಗಬೇಕಾದರೆ ನಾವೆಲ್ಲ ಮೊದಲು ಹ್ಯಾಂಡಲನ್ನು ಕೂದಲೆಳೆಯಷ್ಟು ಎಡಕ್ಕೆ ಒತ್ತುತ್ತೇವೆ. ವಿಮಾನಕ್ಕೆ ಮುಂಚೆ ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್ ಎಷ್ಟೋ ಸವಾರರನ್ನು ಈ ಬಗ್ಗೆ ವಿಚಾರಿಸಿದ್ದನಂತೆ. ಮೊದಲ ಸಲಕ್ಕೆ ಸರಿಯಾಗಿ ಹೇಳಿದವರು ಒಬ್ಬರೂ ಸಿಗಲಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನಂದಿಧ್ವಜ. ಸೊಂಟದ ಪಟ್ಟಿಯ ಕುಳಿಯಲ್ಲಿ ಬುಡ ಊರಿ, ಹಿತ್ತಾಳೆ ಪಟ್ಟಿ, ಗೆಜ್ಜೆ, ತುದಿಗೆ ಛತ್ರಿ ಹೊತ್ತ ಉದ್ದನೆಯ ಕಂಬವನ್ನು ಕುಣಿಸುವವರನ್ನು ಕಂಡಾಗ 'ಅಬ್ಬಾ, ಅಷ್ಟುದ್ದದ್ದನ್ನು ಹೇಗೆ ನಿಲ್ಲಿಸುತ್ತಾರಪ್ಪ' ಎಂಬ ಉದ್ಗಾರ ಬಂದೇ ಬರುತ್ತದೆ. ಭಾರ ಹೊರುವುದು ಕಷ್ಟ, ಅದರಲ್ಲಿ ಎರಡು ಮಾತಿಲ್ಲ. ಉದ್ದ ಮಾತ್ರ ಅವರ ಶತ್ರುವಲ್ಲ, ನೆಂಟ. ನಂಬಿಕೆಯಾಗದಿದ್ದರೆ ಬೆರಳತುದಿಯ ಮೇಲೆ ಪೆನ್ಸಿಲ್ ನಿಲ್ಲಿಸಿ ನೋಡಿ. ಆಮೇಲೆ ಅಂಗೈ ಮೇಲೆ ಒಂದು ಬೊಂಬು ನಿಲ್ಲಿಸಿ. ಉದ್ದನೆಯದು ನಿಧಾನವಾಗಿ ಬೀಳುತ್ತದೆ. 20 ಅಡಿಯ ಬೊಂಬು ಪೆನ್ಸಿಲ್ಲಿಗಿಂತ ಸುಮಾರು 6 ಪಟ್ಟು ನಿಧಾನ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಸುಮಾರು 0.2 ಸೆಕೆಂಡು ಬೇಕು. ಅಷ್ಟರಲ್ಲಿ ಪೆನ್ಸಿಲ್ಲಿನ ವಾಲು 3 ಪಟ್ಟಾಗಿರುತ್ತದೆ. ಬೊಂಬಿನದು ಇಪ್ಪತ್ತನೆಯ ಒಂದು ಭಾಗದಷ್ಟೂ ಬೆಳೆದಿರುವುದಿಲ್ಲ. ತೂಕ ತುದಿಯ ಕಡೆಗಿದ್ದರೆ ಇನ್ನೂ ನಿಧಾನ. ಕಸಬರಿಕೆಯನ್ನು ಬುಡ ಮೇಲಾಗಿ, ತಲೆ ಮೇಲಾಗಿ ಎರಡೂ ಬಗೆಯಲ್ಲಿ ನಿಲ್ಲಿಸಲು ಯತ್ನಿಸಿದರೆ ಇದೂ ತಿಳಿಯುತ್ತದೆ. ಮನೆಯವರು ಕಾಣದ ಹೊತ್ತು ನೋಡಿಕೊಳ್ಳಿ.

ಕೊನೆಯದು, 'ಮೈ ತೂಕ ತಪ್ಪಿದಮೇಲೆ ಸಾವರಿಸಿಕೊಳ್ಳುತ್ತದೆ' ಎಂಬ ಮಾತು. ಅಂಗೈ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು ಕಣ್ಣು ಮುಚ್ಚಿ. ಬೇರೆಯವರು ಅದನ್ನು ಫಕ್ಕನೆ ಎತ್ತಿಕೊಂಡರೆ ಅಂಗೈ ಮೇಲಕ್ಕೆ ಹಾರುತ್ತದೆ. ನಿಮ್ಮದೇ ಇನ್ನೊಂದು ಕೈ ಎತ್ತಿದರೆ ಅಂಗೈ ಅಲುಗುವುದೇ ಇಲ್ಲ, ಏಕೆಂದರೆ ಭಾರ ಇಳಿಯುವ ಗಳಿಗೆಗೇ ತೋಳಿನ ಬಿಗಿಯೂ ಸಡಿಲವಾಗಿರುತ್ತದೆ. ಮಾಣಿಯ ತಟ್ಟೆಯಿಂದ ಲೋಟವನ್ನು ನೀವೇ ಎತ್ತಿಕೊಳ್ಳಹೋದರೆ ಅವನು ಹುಬ್ಬು ಗಂಟಿಕ್ಕುವುದು ಇದಕ್ಕೇ. ಮೈ ಮುಂದಾಗುವುದನ್ನು ಎಣಿಸಿಕೊಂಡೇ ಇರುತ್ತದೆ, ಎಣಿಕೆಯಲ್ಲಿ ಭೂಮಿಯ ಸೆಳೆತವನ್ನೂ ಸೇರಿಸಿಕೊಂಡಿರುತ್ತದೆ. 1998ರ ನ್ಯೂರೋಲ್ಯಾಬ್ ಬಾಹ್ಯಾಕಾಶ ಯಾನದಲ್ಲಿ ಗಗನಯಾತ್ರಿಗಳು ತಮ್ಮ ಕಡೆಗೆ ಬಿಟ್ಟ ಚೆಂಡನ್ನು ಹಿಡಿಯಬೇಕಿತ್ತು. ಅಲ್ಲಿ ಚೆಂಡು ಒಂದೇ ವೇಗದಲ್ಲಿ ತೇಲಿ ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೈ ಕೇಳಲಿಲ್ಲ, ಬೀಳುವ ಚೆಂಡು ವೇಗ ಕೂಡಿಸಿಕೊಂಡೇ ಬರುತ್ತದೆಂಬ ಲೆಕ್ಕದಲ್ಲಿ, ಚೆಂಡು ಇನ್ನೂ ದೂರವಿರುವಾಗಲೇ ಸ್ನಾಯುಗಳು ಬಿಗಿದುಕೊಂಡವು. ದಿನಗಳು ಕಳೆದ ಮೇಲೂ ಆ ಆತುರ ಪೂರ್ತಿ ಹೋಗಲಿಲ್ಲ.