ಕೋಲಾರದ ಕೆರೆಗಳಿಗೆ ಒಪ್ಪುವ ಗಾಳದ ಕೋಲು ಯಾವುದು? ದಾರ ಯಾವುದು?

ಬಿದಿರಿನ ಕೋಲು, ಒಂದಿಷ್ಟು ನೈಲಾನ್ ದಾರ, ಬೆಂಡು, ಕೊಕ್ಕೆ, ಎರೆಹುಳು. ಕೋಲಾರ ಸೀಮೆಯ ಕೆರೆದಂಡೆಗಳಲ್ಲಿ ಮೀನು ಹಿಡಿಯಲು ತಲೆಮಾರುಗಳಿಂದ ಇಷ್ಟೇ ಸಾಕಾಗಿತ್ತು. ವರ್ಷಗಟ್ಟಲೆ ಮಳೆ ಕೈಕೊಟ್ಟು ಕೆರೆಗಳು ಬತ್ತಿದಾಗ ಗಾಳಗಳೂ ಅಟ್ಟ ಸೇರಿದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದೊಂದಾಗಿ ಇತರ ಕೆರೆಗಳಿಗೂ ಹರಿಯಿತು. 2021ರ ನವೆಂಬರ್ ತಿಂಗಳ ಭಾರಿ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದವು. ಇದರೊಂದಿಗೆ ಗಾಳ ಹಾಕುವವರೂ ದಂಡೆಗೆ ಮರಳಿದ್ದಾರೆ. ಆದರೆ ಈಗ ಅನೇಕರ ಕೈಯಲ್ಲಿರುವುದು ಬಿದಿರಲ್ಲ, ರೀಲು ಜೋಡಿಸಿದ ಕಾರ್ಬನ್ ಕೋಲು.

ಬೆಂಗಳೂರಿನ ಅಂಗಡಿಯಿಂದಲೋ ಅಂತರಜಾಲದಿಂದಲೋ ತರಿಸಿದ ಇಂತಹ ಕೋಲು ಒಂದೇ ಮಳೆಗಾಲದಲ್ಲಿ ತುದಿ ಮುರಿದು ಮೂಲೆ ಸೇರುವುದುಂಟು. ದಾರ ಕಿತ್ತು ಮೀನು ಕೊಕ್ಕೆ ಸಮೇತ ಪರಾರಿಯಾಗುವುದೂ ಉಂಟು. ಮೀನಿನ ಗಾತ್ರವನ್ನು ಮನಸ್ಸಿನಲ್ಲಿಟ್ಟು ಕೋಲು ಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ನಮ್ಮ ಕೆರೆಗಳಲ್ಲಿ ಕೋಲನ್ನು ನಿರ್ಧರಿಸಬೇಕಾದದ್ದು ಮೀನಿನ ತೂಕವಲ್ಲ, ನೀರಿನೊಳಗೆ ಏನಿದೆ ಎಂಬುದು. ಮುಳುಗಿದ ಜಾಲಿ ಮೋಟು, ಜೊಂಡು, ಅಂತರಗಂಗೆ, ಬಂಡೆ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಆಯ್ದರೆ ಒಂದೇ ಕೋಲು ಹಲವು ಕೆಲಸಗಳಿಗೆ ಒದಗುತ್ತದೆ.

ಬಾಸ್ ಮೀನಿನ ಕೋಲು, ಕೊರಮೀನಿನ ಕೆರೆ

ಮಾರುಕಟ್ಟೆಯಲ್ಲಿ 'ಬೇಟ್‌ಕಾಸ್ಟಿಂಗ್' ಎಂಬ ಹೆಸರಿನಲ್ಲಿ ಸಿಗುವ ಕೋಲುಗಳಲ್ಲಿ ಹೆಚ್ಚಿನವು ಅಮೆರಿಕದ ಬಾಸ್ ಮೀನಿಗೆಂದು ರೂಪುಗೊಂಡವು. ಇವುಗಳ ರೀಲು ಕೋಲಿನ ಮೇಲ್ಭಾಗದಲ್ಲಿ ಕೂರುತ್ತದೆ. ಎಸೆದಾಗ ದಾರ ಸುತ್ತಿದ ಉರುಳೆಯೇ ತಿರುಗುತ್ತದೆ. ಅದರ ವೇಗವನ್ನು ಹೆಬ್ಬೆರಳಿನಿಂದ ಹಿಡಿತದಲ್ಲಿಡಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಂಟಕಿ ಪ್ರಾಂತ್ಯದ ಗಡಿಯಾರ ತಯಾರಕರು ಈ ಬಗೆಯ ರೀಲನ್ನು ಬೆಳೆಸಿದರು.

ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. ಆದರೆ ಸ್ವಭಾವದಲ್ಲಿ ಅದಕ್ಕೆ ಹತ್ತಿರವಾದ ಮೀನೊಂದಿದೆ. ಅದು ಕೋಲಾರ ಸೀಮೆಯವರು ಕೊರಮೀನು ಎಂದು ಕರೆಯುವ, ಮೀನುಗಾರಿಕೆಯ ಪುಸ್ತಕಗಳು ಮುರ್ರೆಲ್ ಎಂದು ಹೆಸರಿಸುವ ಮೀನು. ನೆರೆಯ ತೆಲಂಗಾಣ ಇದನ್ನು ತನ್ನ ರಾಜ್ಯ ಮೀನಾಗಿ ಆರಿಸಿಕೊಂಡಿದೆ. ಬಾಸ್‌ನಂತೆ ಇದೂ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ, ಕಪ್ಪೆ, ಚಿಕ್ಕ ಮೀನುಗಳ ಮೇಲೆ ಎರಗುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡುವ ಈ ಮೀನು ಆಗಾಗ ಮೇಲಕ್ಕೆ ಬರುವುದರಿಂದ, ನೀರಿನ ಮೇಲೆ ಎಳೆದು ತರುವ ರಬ್ಬರ್ ಕಪ್ಪೆಗೆ ಸುಲಭವಾಗಿ ಆಕರ್ಷಿತವಾಗುತ್ತದೆ. ಇದರ ದವಡೆ ಗಟ್ಟಿ. ಕೊಕ್ಕೆ ನಾಟಿದ ಕೂಡಲೇ ಅದು ಕಳೆಯೊಳಗೆ ನುಗ್ಗುತ್ತದೆ. ಎರಡು ಕಿಲೋ ತೂಕದ ಕೊರಮೀನಿನ ಜೊತೆಗೆ ಮೂರು ಕಿಲೋ ಕಳೆಯನ್ನೂ ಎಳೆಯಬೇಕಾದ ಪ್ರಸಂಗ ಬರುವುದು ಹೀಗೆ. ಆದ್ದರಿಂದಲೇ ಬಾಸ್ ಮೀನಿನ ಕೋಲು ಇಲ್ಲಿಗೆ ಹೊಂದುತ್ತದೆ.

ಕೋಲಿನ ಮೇಲಿನ ಬರಹದ ಅರ್ಥ

ಹಿಡಿಯ ಮೇಲ್ಭಾಗದಲ್ಲಿ ಅಚ್ಚಾಗಿರುವ ಸಣ್ಣ ಅಕ್ಷರಗಳನ್ನು ಓದದೆ ಕೋಲು ಕೊಳ್ಳಬಾರದು. ಅಲ್ಲಿ ಸಾಮಾನ್ಯವಾಗಿ ಐದು ಸಂಗತಿಗಳಿರುತ್ತವೆ.

ಮೊದಲನೆಯದು ಉದ್ದ. 6 ಅಡಿಯ ಕೋಲು ಗುರಿಗೆ ಒಳ್ಳೆಯದು, ದೂರಕ್ಕೆ ಸಾಲದು. 8 ಅಡಿಯದು ದೂರ ಎಸೆಯುತ್ತದೆ, ಆದರೆ ಜಾಲಿ ಗಿಡಗಳ ನಡುವೆ ಬೀಸಲು ಜಾಗ ಸಿಗದು. ಕೆರೆಯ ಏರಿಯ ಮೇಲೂ ಪೊದೆಗಳ ನಡುವೆಯೂ ನಿಭಾಯಿಸಲು 7 ಅಡಿಯೇ ಸೂಕ್ತ.

ಎರಡನೆಯದು ಬಲ, ಅಂದರೆ ಕೋಲು ಎಷ್ಟು ಭಾರಕ್ಕೆ ಬಾಗುತ್ತದೆ ಎಂಬುದು. ಎಲ್ ಎಂದರೆ ಹಗುರ, ಎಂ ಎಂದರೆ ಮಧ್ಯಮ, ಎಂ.ಎಚ್. ಎಂದರೆ ಮಧ್ಯಮಕ್ಕಿಂತ ಬಲವಾದದ್ದು, ಎಚ್ ಎಂದರೆ ಅತಿ ಬಲವಾದದ್ದು. ಬಹೂಪಯೋಗಿ ಕೋಲು ಬೇಕೆನ್ನುವವರು ಎಂ.ಎಚ್. ಆಯ್ದುಕೊಳ್ಳಬೇಕು. ಅತಿ ಬಲವಾದ ಕೋಲಿನ ಮೋಹ ಬೇಡ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡ್ ತೂಗುವ ಮಹಶೀರ್ ಹಿಡಿದದ್ದು ಇಂದಿಗೂ ಗಾಳಗಾರರ ಮಾತಿನಲ್ಲಿದೆ. ಅದು ನದಿಯ ರಭಸ, ನದಿಯ ಮೀನು. ಅಂತಹ ಸಲಕರಣೆಯಿಂದ ಹಗುರವಾದ ರಬ್ಬರ್ ಕಪ್ಪೆಯನ್ನು ಹತ್ತು ಮಾರು ದೂರಕ್ಕೂ ಎಸೆಯಲಾಗದು.

ಮೂರನೆಯದು ಬಾಗುವ ರೀತಿ. 'ಫಾಸ್ಟ್' ಎಂದು ಬರೆದಿದ್ದರೆ ತುದಿಯ ಭಾಗ ಮಾತ್ರ ಬಾಗುತ್ತದೆ, ಉಳಿದದ್ದು ಬಿಗಿಯಾಗಿರುತ್ತದೆ. ಗಟ್ಟಿ ದವಡೆಗೆ ಕೊಕ್ಕೆ ನಾಟಿಸಲು ಇದೇ ಬೇಕು. 'ಮಾಡರೇಟ್' ಎಂದಿದ್ದರೆ ಕೋಲು ನಡುವಿನವರೆಗೂ ಬಾಗುತ್ತದೆ. ಮೃದು ಬಾಯಿಯ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳಿಗೆ ಅದು ಒಳ್ಳೆಯದು.

ನಾಲ್ಕು ಮತ್ತು ಐದನೆಯವು ದಾರದ ಹಾಗೂ ಎಸೆಯುವ ಭಾರದ ಮಿತಿಗಳು. ದಾರ 12ರಿಂದ 20 ಪೌಂಡ್, ಭಾರ ಕಾಲು ಔನ್ಸಿನಿಂದ ಒಂದು ಔನ್ಸ್ ಎಂದಿದ್ದರೆ, 7ರಿಂದ 28 ಗ್ರಾಂ ತೂಕದ ಹುಸಿ ಎರೆಗಳನ್ನು ಎಸೆಯಬಹುದು ಎಂದರ್ಥ. ಕೊರಮೀನಿಗೆ ಬಳಸುವ ರಬ್ಬರ್ ಕಪ್ಪೆಗಳಲ್ಲಿ ಹೆಚ್ಚಿನವು 10ರಿಂದ 15 ಗ್ರಾಂ ತೂಗುವುದರಿಂದ ಈ ಮಿತಿ ಸರಿಹೊಂದುತ್ತದೆ.

ದಾರದಲ್ಲಿ ಮೂರು ಬಗೆ

ಒಂದು ಎಳೆಯ ನೈಲಾನ್ ದಾರ ಎಲ್ಲರಿಗೂ ಪರಿಚಿತ. ಬೆಲೆ ಕಡಿಮೆ, ಗಂಟು ಸುಲಭ. ಎಳೆದಾಗ ಹಿಗ್ಗುವ ಗುಣ ಇದರ ಬಲವೂ ಹೌದು, ದೌರ್ಬಲ್ಯವೂ ಹೌದು. ಗೆಂಡೆ ಜಾತಿಯ ಮೀನು ಥಟ್ಟನೆ ಜಗ್ಗಿದಾಗ ಆ ಹಿಗ್ಗುವಿಕೆ ಕೊಕ್ಕೆ ಕಳಚದಂತೆ ಕಾಯುತ್ತದೆ. ದೂರದ ಕೊರಮೀನಿಗೆ ಕೊಕ್ಕೆ ನಾಟಿಸಬೇಕಾದಾಗ ಅದೇ ಅಡ್ಡಿಯಾಗುತ್ತದೆ. ಬಿಸಿಲಿಗೆ ಬೇಗ ಶಿಥಿಲವಾಗುವುದರಿಂದ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ಹೆಣೆದ ದಾರವನ್ನು ಪಾಲಿಎಥಿಲೀನ್‌ನ ಅನೇಕ ಸೂಕ್ಷ್ಮ ಎಳೆಗಳಿಂದ ಜಡೆಯಂತೆ ಹೆಣೆದಿರುತ್ತಾರೆ. ಅಷ್ಟೇ ದಪ್ಪದ ನೈಲಾನ್‌ಗಿಂತ ಇದರ ಬಲ ಎರಡು ಮೂರು ಪಟ್ಟು ಹೆಚ್ಚು, ಹಿಗ್ಗುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಜೊಂಡನ್ನು ಸೀಳಿಕೊಂಡು ಬರುತ್ತದೆ. ಆದರೆ ಬಂಡೆಯ ಅಂಚಿಗೆ ಉಜ್ಜಿದರೆ ಬೇಗ ಕಡಿಯುತ್ತದೆ.

ಮೂರನೆಯದಾದ ಫ್ಲೂರೋಕಾರ್ಬನ್ ದಾರ ನೀರಿನಲ್ಲಿ ಮುಳುಗುತ್ತದೆ, ಮೀನಿನ ಕಣ್ಣಿಗೆ ಅಷ್ಟಾಗಿ ಕಾಣದು, ಉಜ್ಜುವಿಕೆಯನ್ನು ತಾಳುತ್ತದೆ. ಬೆಲೆ ಹೆಚ್ಚಾದ್ದರಿಂದ ರೀಲಿನ ತುಂಬ ಸುತ್ತುವ ಬದಲು ಹೆಣೆದ ದಾರದ ಕೊನೆಗೆ ಎರಡು ಮೂರು ಅಡಿ ಜೋಡಿಸಿಕೊಳ್ಳುವುದು ವಾಡಿಕೆ.

ಒಂದೇ ದಾರದಲ್ಲಿ ಎಲ್ಲ ಕೆಲಸ ಆಗಬೇಕೆಂದರೆ 30ರಿಂದ 40 ಪೌಂಡಿನ ಹೆಣೆದ ದಾರ ಉತ್ತಮ. ಅದು ನುಣುಪಾಗಿರುವುದರಿಂದ ಉರುಳೆಯ ಮೇಲೆ ಜಾರುತ್ತದೆ. ಆದ್ದರಿಂದ ಮೊದಲು ಹತ್ತು ಸುತ್ತು ನೈಲಾನ್ ಸುತ್ತಿ, ಅದಕ್ಕೆ ಗಂಟು ಹಾಕಿ ಮುಂದುವರಿಸಬೇಕು. ಗಂಟನ್ನು ಬಿಗಿಯುವ ಮುನ್ನ ನೀರಿನಲ್ಲಿ ನೆನೆಸುವುದನ್ನು ಮರೆಯಬಾರದು. ಒಣಗಿದ ಗಂಟು ಬಿಗಿಯುವಾಗಿನ ಕಾವಿಗೇ ದುರ್ಬಲವಾಗುತ್ತದೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೀರು

ಒಂದೇ ಕೋಲನ್ನು ಬೇರೆ ಬೇರೆ ನೀರಿಗೆ ಹೊಂದಿಸುವುದು ದಾರದ ಕೊನೆಯ ಎರಡು ಅಡಿಯಲ್ಲಿ. ಕೋಲಾರ ತಾಲ್ಲೂಕಿನಲ್ಲಿ ವರ್ಷವಿಡೀ ನೀರು ನಿಲ್ಲುವ ಕೆರೆಗಳಲ್ಲಿ ಜೊಂಡು, ಅಂತರಗಂಗೆಗಳ ಕಾಟ ಹೆಚ್ಚು. ಅಲ್ಲಿ ಹೆಣೆದ ದಾರಕ್ಕೇ ನೇರವಾಗಿ ರಬ್ಬರ್ ಕಪ್ಪೆಯನ್ನು ಕಟ್ಟಬೇಕು. ಅದರ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಕಳೆಗೆ ಸಿಲುಕುವುದು ಕಡಿಮೆ.

ಮುಳಬಾಗಿಲಿನ ಬೆಟ್ಟಗುಡ್ಡಗಳ ಸೀಮೆಯಲ್ಲಿ ಬಂಡೆಗಳ ನಡುವೆ ಕೆರೆ ಕಟ್ಟೆಗಳಿವೆ. ಬಂಡೆಯಂಚಿಗೂ ಏರಿಯ ಕಲ್ಲುಕಟ್ಟಡಕ್ಕೂ ದಾರ ಉಜ್ಜುವ ಸಂಭವ ಹೆಚ್ಚಾದ್ದರಿಂದ 20 ಪೌಂಡಿನ ಫ್ಲೂರೋಕಾರ್ಬನ್ ತುದಿ ಅಗತ್ಯ. ಶ್ರೀನಿವಾಸಪುರದ ಕಡೆ ಮಳೆಯನ್ನೇ ನಂಬಿದ ಕೆರೆಗಳಲ್ಲಿ, ಬತ್ತಿದ ವರ್ಷಗಳಲ್ಲಿ ಬೆಳೆದ ಜಾಲಿ ಈಗ ನೀರಿನಡಿಯ ಮೋಟಾಗಿ ನಿಂತಿರುವುದುಂಟು. ಇಲ್ಲಿ ತಳ ಮುಟ್ಟುವ ಎರೆ ಬೇಡ. ನೀರಿನ ಮೇಲೆ ತೇಲುವುದನ್ನೇ ಬಳಸುವುದು ಲೇಸು. ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಮಾಲೂರು ಸೀಮೆಯಲ್ಲಿ ಮಣ್ಣು ತೆಗೆದ ಆಳವಾದ ಗುಂಡಿಗಳಿರುತ್ತವೆ. ಅಂತಹ ಆಳದಲ್ಲಿ ಗೆಂಡೆ ಜಾತಿಯ ಮೀನಿಗೆ 15 ಪೌಂಡಿನ ನೈಲಾನ್ ತುದಿ, ಸೀಸದ ಗುಂಡು, ಹಿಂಡಿ ಬೆರೆಸಿದ ಹಿಟ್ಟಿನ ಉಂಡೆ ಸಾಕು.

ರೀಲಿನ ಹೊಂದಾಣಿಕೆ

ಹಿಡಿಯನ್ನು ಒಮ್ಮೆ ತಿರುಗಿಸಿದರೆ ಉರುಳೆ ಏಳು ಸುತ್ತು ಸುತ್ತುವ ರೀಲು ಕಳೆ ತುಂಬಿದ ನೀರಿಗೆ ಒಳ್ಳೆಯದು. ಸಡಿಲಾದ ದಾರವನ್ನು ಅದು ಬೇಗ ಎಳೆದುಕೊಳ್ಳುತ್ತದೆ. ಹೊಸಬರನ್ನು ಕಾಡುವುದು ಉರುಳೆಯ ಅತಿವೇಗ. ಎರೆ ನೀರಿಗೆ ಬಿದ್ದ ಮೇಲೂ ಉರುಳೆ ತಿರುಗುತ್ತಲೇ ಇದ್ದರೆ ದಾರ ಹಕ್ಕಿಯ ಗೂಡಿನಂತೆ ಸಿಕ್ಕಾಗುತ್ತದೆ. ಇದನ್ನು ತಪ್ಪಿಸಲು ಪಕ್ಕದ ತಿರುಪನ್ನು ಬಿಗಿ ಮಾಡಿ, ಎರೆ ನಿಧಾನವಾಗಿ ಕೆಳಗಿಳಿದು ನೆಲ ಮುಟ್ಟಿದ ಕ್ಷಣ ಉರುಳೆ ನಿಲ್ಲುವಂತೆ ಹೊಂದಿಸಬೇಕು. ಕೊಕ್ಕೆಯಿಲ್ಲದ ಭಾರ ಕಟ್ಟಿ ಬಯಲಿನಲ್ಲಿ ಒಂದು ವಾರ ಅಭ್ಯಾಸ ಮಾಡಿದರೆ ಹೆಬ್ಬೆರಳು ಪಳಗುತ್ತದೆ.

ಮೀನು ಎಳೆದಾಗ ದಾರ ಬಿಟ್ಟುಕೊಡುವ ಬಿಗಿತವನ್ನು ದಾರದ ಬಲದ ಕಾಲು ಭಾಗದಷ್ಟಿಡಬೇಕು. 30 ಪೌಂಡ್ ಎಂದರೆ ಸುಮಾರು 13.6 ಕಿಲೋ, ಅದರ ಕಾಲು ಭಾಗ 3.4 ಕಿಲೋ. ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದರೆ ಇದು ತಿಳಿಯುತ್ತದೆ. ಕೊಕ್ಕೆ ಮೋಟಿಗೆ ಸಿಲುಕಿದಾಗ ಕೋಲನ್ನು ಮೇಲೆತ್ತಿ ಜಗ್ಗಬಾರದು. ದಾರವನ್ನು ಒಂದು ಕಟ್ಟಿಗೆಗೆ ಸುತ್ತಿ ನೇರವಾಗಿ ಎಳೆಯಬೇಕು. ಹೆಣೆದ ದಾರವನ್ನು ಬರಿಗೈಗೆ ಸುತ್ತಿಕೊಂಡರೆ ಬೆರಳು ಕೊಯ್ಯುತ್ತದೆ.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ ಎಂಬುದನ್ನು ಅನೇಕರು ತಿಳಿದಿಲ್ಲ. ಕೆರೆಯ ಬದಿಯಲ್ಲಿ ಪಂಪ್‌ಸೆಟ್‌ಗಳ ತಂತಿಗಳು ಹಾದುಹೋಗುವುದು ನಮ್ಮಲ್ಲಿ ಸಾಮಾನ್ಯ. 7 ಅಡಿಯ ಕೋಲನ್ನು ಬೀಸುವ ಮುನ್ನ ತಲೆಯ ಮೇಲೆ ನೋಡುವುದು, ಗುಡುಗು ಮಿಂಚು ಶುರುವಾದರೆ ಕೋಲನ್ನು ಕೆಳಗಿಟ್ಟು ದಂಡೆ ಬಿಡುವುದು ಕಡ್ಡಾಯ. ಹೂಳೆತ್ತಿದ ಅಥವಾ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಸಿಲುಕಿದ ಕೊಕ್ಕೆಗಾಗಿ ನೀರಿಗಿಳಿಯುವುದು ಬೇಡವೇ ಬೇಡ. ಕೊಕ್ಕೆಯ ಬೆಲೆ ಜೀವಕ್ಕಿಂತ ದೊಡ್ಡದಲ್ಲ.

ಮಳೆಗಾಲದಲ್ಲಿ ಕೊರಮೀನು ಕೆಂಬಣ್ಣದ ಮರಿಗಳ ಗುಂಪನ್ನು ಕಾಯುತ್ತಿರುತ್ತದೆ. ಅಂತಹ ಗುಂಪು ಕಂಡರೆ ಅಲ್ಲಿ ಗಾಳ ಎಸೆಯಬಾರದು. ಕಾಯುವ ಮೀನು ಹೋದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ತುಂಡಾದ ದಾರವನ್ನು ದಂಡೆಯಲ್ಲಿ ಬಿಟ್ಟರೆ ಕೊಕ್ಕರೆಗಳ ಕಾಲಿಗೆ ಉರುಳಾಗುತ್ತದೆ.

ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಮೀನುಗಾರರ ಸಹಕಾರ ಸಂಘಗಳಿಗೋ ಟೆಂಡರು ಪಡೆದವರಿಗೋ ಗುತ್ತಿಗೆಗೆ ನೀಡಿರುತ್ತದೆ. ಮರಿ ಬಿಟ್ಟು ಸಾಕಿದವರ ಅನ್ನ ಅದು. ಹವ್ಯಾಸಕ್ಕೆ ಗಾಳ ಹಾಕುವವರು ಮೊದಲು ಅವರ ಅನುಮತಿ ಪಡೆಯುವುದು ನ್ಯಾಯವೂ ಹೌದು, ವಿವೇಕವೂ ಹೌದು.

ಒಟ್ಟಿನಲ್ಲಿ, 7 ಅಡಿಯ ಎಂ.ಎಚ್. ಬಲದ ಫಾಸ್ಟ್ ಕೋಲು, ಅದಕ್ಕೊಪ್ಪುವ ರೀಲು, 30 ಪೌಂಡಿನ ಹೆಣೆದ ದಾರ, ಜೊತೆಗೆ ಫ್ಲೂರೋಕಾರ್ಬನ್ ಮತ್ತು ನೈಲಾನ್‌ನ ಒಂದೊಂದು ಚಿಕ್ಕ ಸುರುಳಿ ಇದ್ದರೆ ನಾಲ್ಕೂ ತಾಲ್ಲೂಕುಗಳ ಕೆರೆಗಳಿಗೆ ಸಾಕು. ಎರಡನೆಯ ಕೋಲಿಗೆ ಹಣ ತೆರುವ ಮುನ್ನ, ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ದಂಡೆಯ ಸುತ್ತ ನಡೆದು ಮೋಟು, ಬಂಡೆ, ಗುಂಡಿಗಳು ಎಲ್ಲಿವೆ ಎಂದು ನೋಡಿಟ್ಟುಕೊಳ್ಳುವುದು ಹೆಚ್ಚು ಲಾಭದಾಯಕ.