ಮೂರನೆಯವರಿಗೆ ವೋಟು ಹಾಕಿದರೆ ಎದುರಾಳಿಗೆ ಹಾಕಿದ ಹಾಗೆಯೇ? ಜಯನಗರದ 16 ವೋಟಿನ ಲೆಕ್ಕ ನೋಡೋಣ

ಚುನಾವಣೆ ಹತ್ತಿರ ಬಂತೆಂದರೆ ಈ ಫಾರ್ವರ್ಡ್ ಬಂದೇ ಬರುತ್ತದೆ: "ಪಕ್ಷೇತರರಿಗೋ ಸಣ್ಣ ಪಕ್ಷಕ್ಕೋ ಹಾಕಿದ ವೋಟು ವೇಸ್ಟ್. ಅದು ನೇರವಾಗಿ ಎದುರಾಳಿಗೆ ಹಾಕಿದಂತೆ." ನಮ್ಮ ಮನೆಯ ಗ್ರೂಪಿನಲ್ಲಿ ಇದನ್ನು ಕಾಂಗ್ರೆಸ್ ಕಡೆಯ ಚಿಕ್ಕಪ್ಪನೂ ಕಳಿಸಿದ್ದರು, ಬಿಜೆಪಿ ಕಡೆಯ ಅತ್ತೆಯೂ ಕಳಿಸಿದ್ದರು. ಎದುರಾಳಿಯ ಹೆಸರು ಮಾತ್ರ ಬೇರೆ. ಒಂದೇ ವೋಟು ಇಬ್ಬರು ಎದುರಾಳಿಗಳಿಗೂ ಹೋಗಲು ಸಾಧ್ಯವಿಲ್ಲವಲ್ಲ!

ಹಾಗಾದರೆ ಇದು ಪೂರ್ತಿ ಸುಳ್ಳೇ? ಅಲ್ಲ. ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡಲು ಜಯನಗರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

2023ರ ಮೇ 13, ವಿಧಾನಸಭೆ ಮತ ಎಣಿಕೆಯ ದಿನ. ರಾಜ್ಯದಲ್ಲಿ ಯಾರ ಸರ್ಕಾರ ಎಂಬುದು ಮಧ್ಯಾಹ್ನದ ಹೊತ್ತಿಗೇ ಗೊತ್ತಾಗಿತ್ತು. ಜಯನಗರದಲ್ಲಿ ಮಾತ್ರ ಮರುಎಣಿಕೆ, ಗಲಾಟೆ ಎಲ್ಲ ಮುಗಿದು ಫಲಿತಾಂಶ ಬರುವಾಗ ರಾತ್ರಿ ಬಹಳ ಹೊತ್ತಾಗಿತ್ತು. ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರಿಗೆ 57,797 ಮತ, ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಅವರಿಗೆ 57,781. ಅಂತರ 16. ನಾಲ್ಕನೇ ಬ್ಲಾಕಿನ ಯಾವುದಾದರೂ ದರ್ಶಿನಿಯಲ್ಲಿ ಬೆಳಗ್ಗೆ ಎಂಟಕ್ಕೆ ಇಡ್ಲಿ ತಿನ್ನುತ್ತಾ ನಿಂತವರು ಇದಕ್ಕಿಂತ ಹೆಚ್ಚು ಇರುತ್ತಾರೆ.

ಆ ಸಲ ಕಣದಲ್ಲಿ ಇನ್ನೂ ಹಲವರಿದ್ದರು. ಕಾಂಗ್ರೆಸ್ ಅಭ್ಯರ್ಥಿಯ ಹೆಸರನ್ನೇ ಹೋಲುವ ಒಬ್ಬ ಪಕ್ಷೇತರ ಅಭ್ಯರ್ಥಿಗೇ 320 ಮತ ಬಿದ್ದಿದ್ದವು. ನೋಟಾಗೆ ಬಿದ್ದ ಮತಗಳೂ 16ಕ್ಕಿಂತ ಎಷ್ಟೋ ಹೆಚ್ಚು. ಹೀಗಾಗಿ "ಮೂರನೆಯವರೇ ಸೋಲಿಸಿದರು" ಎಂಬ ಮಾತು ಹುಟ್ಟಿಕೊಳ್ಳುವುದು ಸಹಜ.

ಈಗ ಕೂಡಿಸಿ ಕಳೆಯೋಣ. ಮೂರನೆಯವರಿಗೆ ಹಾಕಿದವರಲ್ಲಿ 17 ಜನ ಸೌಮ್ಯಾ ರೆಡ್ಡಿ ಅವರಿಗೆ ಹಾಕಿದ್ದರೆ ಅವರು ಗೆಲ್ಲುತ್ತಿದ್ದರು. 16 ಜನ ಹಾಕಿದ್ದರೆ ಸಮಬಲವಾಗಿ ಕಾನೂನಿನಂತೆ ಚೀಟಿ ಎತ್ತಬೇಕಿತ್ತು. ಆದರೆ ರಾಮಮೂರ್ತಿ ಅವರಿಗೆ ಹಾಕಿದವರೇ ಮನಸ್ಸು ಬದಲಿಸಿದ್ದರೆ? ಆಗ 17 ಬೇಡ, 9 ಸಾಕಿತ್ತು. ಏಕೆಂದರೆ ಈ ಕಡೆಯಿಂದ ಆ ಕಡೆಗೆ ಹೋದ ವೋಟು ಒಬ್ಬರಿಗೆ ಒಂದು ಕಳೆದು ಇನ್ನೊಬ್ಬರಿಗೆ ಒಂದು ಕೂಡಿಸುತ್ತದೆ, ಅಂತರ 2 ಬದಲಾಗುತ್ತದೆ. ಮೂರನೆಯವರಿಗೆ ಹೋದ ವೋಟಿನಿಂದ ಬದಲಾಗುವುದು 1 ಮಾತ್ರ. ಅಂದರೆ ಮೂರನೆಯವರಿಗೆ ಹಾಕಿದ ವೋಟು ಎದುರಾಳಿಗೆ ಹಾಕಿದ್ದಕ್ಕೆ ಸಮ ಅಲ್ಲ, ಅದರ ಅರ್ಧ. ಅದೂ ನಿಮ್ಮ ಎರಡನೇ ಆಯ್ಕೆ ಆ ಇಬ್ಬರಲ್ಲಿ ಒಬ್ಬರಾಗಿದ್ದರೆ ಮಾತ್ರ. ಆ ಅಭ್ಯರ್ಥಿ ನಿಲ್ಲದಿದ್ದರೆ ಮತಗಟ್ಟೆಗೇ ಹೋಗದೆ ಮನೆಯಲ್ಲಿ ಇರುತ್ತಿದ್ದವರೂ ಇರುತ್ತಾರೆ. ಅವರು ಯಾರ ವೋಟನ್ನೂ ಒಡೆದಿಲ್ಲ.

ಆದರೆ ಅರ್ಧವೂ ಸಣ್ಣದಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಮತಗಳಿಂದ. ಮೂರನೆಯವರಾದ ರಾಲ್ಫ್ ನೇಡರ್ ಅಲ್ಲಿ 97,000ಕ್ಕೂ ಹೆಚ್ಚು ಮತ ಪಡೆದಿದ್ದರು. ಅಮೆರಿಕದ ಅಧ್ಯಕ್ಷರು ಯಾರು ಎಂಬುದು ಆ ಒಂದು ರಾಜ್ಯದಲ್ಲಿ ತೀರ್ಮಾನವಾಯಿತು.

ಇದನ್ನೇ ತಿರುಗಿಸಿ ನೋಡಿ. ಜಯನಗರದಲ್ಲೇ 2018ರ ಜೂನ್‌ನಲ್ಲಿ ಸೌಮ್ಯಾ ರೆಡ್ಡಿ 2,889 ಮತಗಳಿಂದ ಗೆದ್ದಿದ್ದರು. ಆಗ ಜೆಡಿಎಸ್ ತನ್ನ ಅಭ್ಯರ್ಥಿಯನ್ನು ಹಿಂದೆ ಸರಿಸಿ ಕಾಂಗ್ರೆಸ್‌ಗೆ ಬೆಂಬಲ ಕೊಟ್ಟಿತ್ತು. ಪಕ್ಷೇತರ ರವಿಕೃಷ್ಣಾ ರೆಡ್ಡಿ ಅವರಿಗೆ ಬಂದದ್ದು 2,000ಕ್ಕಿಂತ ಕಡಿಮೆ. ಆ ಮತಗಳೆಲ್ಲ ಬಿಜೆಪಿಗೆ ಹೋಗಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಇನ್ನು 2024ರ ಲೋಕಸಭೆ. ಜಯನಗರ ಬೆಂಗಳೂರು ದಕ್ಷಿಣ ಕ್ಷೇತ್ರಕ್ಕೇ ಸೇರುತ್ತದೆ. ಅಲ್ಲಿ ತೇಜಸ್ವಿ ಸೂರ್ಯ ಇದೇ ಸೌಮ್ಯಾ ರೆಡ್ಡಿ ಅವರ ವಿರುದ್ಧ ಗೆದ್ದ ಅಂತರ 2,77,083. ಅದೇ ಬೀದಿ, ಅದೇ ಮತದಾರರು. ಒಂದು ಚುನಾವಣೆಯಲ್ಲಿ 16, ಮರುವರ್ಷ ಎರಡೂಮುಕ್ಕಾಲು ಲಕ್ಷ. ಒಂದೇ ಫಾರ್ವರ್ಡ್ ಎರಡಕ್ಕೂ ಹೇಗೆ ಹೊಂದುತ್ತದೆ?

"ಸರಿ, ಎದುರಾಳಿಗೆ ಹೋಗಲಿಲ್ಲ ಅಂದುಕೊಳ್ಳೋಣ. ವೇಸ್ಟ್ ಅಂತೂ ಆಯಿತಲ್ಲ?" ಎಂದು ಕೇಳಬಹುದು.

ಇದಕ್ಕೆ 2013 ನೋಡಬೇಕು. ಬಿ.ಎಸ್. ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿ ಚುನಾವಣೆಗೆ ಹೋದರು. ಸಿಕ್ಕಿದ್ದು ಸುಮಾರು ಶೇ. 10 ಮತ, 6 ಸೀಟು. ಸೀಟಿನ ಲೆಕ್ಕದಲ್ಲಿ ಬಹುತೇಕ ವೋಟು ವೇಸ್ಟೇ. ಆದರೆ 2008ರಲ್ಲಿ 110 ಸೀಟು ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಿತು. ವರ್ಷ ತುಂಬುವ ಮೊದಲೇ, 2014ರ ಜನವರಿಯಲ್ಲಿ, ಯಡಿಯೂರಪ್ಪ ಪಕ್ಷಕ್ಕೆ ಮರಳಿದರು. 2018ರಲ್ಲಿ ಅವರೇ ಮುಖ್ಯಮಂತ್ರಿ ಅಭ್ಯರ್ಥಿ. ಸೋತ ವೋಟುಗಳು ದೊಡ್ಡ ಪಕ್ಷಕ್ಕೆ ಬಿಸಿ ಮುಟ್ಟಿಸಿದ್ದವು. ಇದಕ್ಕೆ ಬೆಲೆಯೂ ಇತ್ತು ಎನ್ನುವುದನ್ನು ಮರೆಯಬಾರದು: ಕೆಜೆಪಿಗೆ ಹಾಕಿದವರಲ್ಲಿ ಕಾಂಗ್ರೆಸ್ ಬೇಡ ಎಂದಿದ್ದವರು ಐದು ವರ್ಷ ಕಾಂಗ್ರೆಸ್ ಸರ್ಕಾರವನ್ನೇ ನೋಡಬೇಕಾಯಿತು.

ಮೂರನೆಯವರು ಗೆಲ್ಲುವುದೇ ಇಲ್ಲವೆಂದೂ ಅಲ್ಲ. 2023ರಲ್ಲಿ ಮೇಲುಕೋಟೆಯಿಂದ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ಆದರೆ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕದೆ ಬೆಂಬಲ ಕೊಟ್ಟಿತ್ತು, ರೈತ ಸಂಘಕ್ಕೆ ಹಳೆಯ ನೆಲೆಯೂ ಇತ್ತು. ಬರೀ ಹೆಸರು ಸಾಲದು. 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ನಿಂತ ನಟ ಪ್ರಕಾಶ್ ರಾಜ್ 28,906 ಮತ ಪಡೆದು ಠೇವಣಿ ಕಳೆದುಕೊಂಡರು. ಠೇವಣಿ ಉಳಿಯಲು ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗ ದಾಟಬೇಕು.

ನೋಟಾ ಬಗ್ಗೆಯೂ ಒಂದು ಮಾತು, ಏಕೆಂದರೆ "ನೋಟಾ ಜಾಸ್ತಿಯಾದರೆ ಮರುಚುನಾವಣೆ" ಎಂಬ ಫಾರ್ವರ್ಡ್ ಇನ್ನೂ ಓಡಾಡುತ್ತಿದೆ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಅಂಥ ನಿಯಮವಿಲ್ಲ. ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ, ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆದ್ದಂತೆ.

ಹಾಗಾದರೆ ಏನು ಮಾಡಬೇಕು? ನನ್ನ ಲೆಕ್ಕ ಹೀಗಿದೆ. ಮೊದಲು ನಮ್ಮ ಕ್ಷೇತ್ರದ ಹಿಂದಿನ ಎರಡು ಮೂರು ಚುನಾವಣೆಗಳ ಅಂತರ ನೋಡುತ್ತೇನೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ, ಮೊಬೈಲಿನಲ್ಲೇ ಐದು ನಿಮಿಷದ ಕೆಲಸ. ಅಂತರ ಲಕ್ಷಗಳಲ್ಲಿದ್ದರೆ ಮನಸ್ಸಿಗೆ ಒಪ್ಪಿದವರಿಗೆ ಹಾಕಲು ಯೋಚಿಸುವುದಿಲ್ಲ. ನೂರು, ಸಾವಿರಗಳಲ್ಲಿದ್ದರೆ ನನ್ನನ್ನೇ ಕೇಳಿಕೊಳ್ಳುತ್ತೇನೆ: ಮುಂದಿರುವ ಇಬ್ಬರಲ್ಲಿ ಯಾರು ಗೆದ್ದರೂ ನನಗೆ ಒಂದೇನಾ? ಒಂದೇ ಎಂದಾದರೆ ಮೂರನೆಯವರಿಗೆ ಹಾಕಿದರೆ ನನಗೇನೂ ನಷ್ಟವಿಲ್ಲ. ಒಂದೇ ಅಲ್ಲವಾದರೆ, ಇಷ್ಟವಿಲ್ಲದಿದ್ದರೂ, ಇಬ್ಬರಲ್ಲಿ ವಾಸಿ ಎನಿಸಿದವರಿಗೆ. ನೀವು ಬೇರೆ ರೀತಿ ತೂಗಬಹುದು.

ವಾರ್ಡ್ ಚುನಾವಣೆಗೆ ಈ ಹಳೆಯ ಅಂಕಿಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬಿಬಿಎಂಪಿಗೆ 2015ರಲ್ಲಿ ಮತದಾನ ಆದಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಅಷ್ಟರಲ್ಲಿ ವಾರ್ಡ್‌ಗಳ ಗಡಿಯೇ ಬದಲಾಗಿದೆ. ಅಲ್ಲಿ ಮತದಾರರ ಸಂಖ್ಯೆಯೂ ಕಡಿಮೆ. ಕಸ, ಕೆರೆ, ಪಾರ್ಕು ಎಂದು ನಾಲ್ಕು ವರ್ಷ ಓಡಾಡಿದ ಪಕ್ಕದ ರಸ್ತೆಯವರೇ ನಿಂತರೆ, ಮೂರನೆಯವರು ಯಾರು ಎಂಬುದು ಎಣಿಕೆ ಮುಗಿದ ಮೇಲೆಯೇ ಗೊತ್ತಾಗುವುದು.